ಚಪ್ಪಲಿ ಹಾಡಿನ ಶೂಟಿಂಗು

"ನಗಬೇಕಮ್ಮಾ! ಏಟು ಬಿದ್ದ ಕೂಡಲೇ ಹಲ್ಲು ಬಿಡಬೇಕು! ಎಷ್ಟು ಸಲ ಬಡ್ಕೊಳ್ಳಿ ನಿಮಗೆ? ದನಗಳಿಗೆ ಹೇಳಿಕೊಟ್ಟಿದ್ರೆ ಇಷ್ಟೊತ್ತಿಗೆ ಕುಣಿದುಬಿಡ್ತಿದ್ವು."

ಡ್ಯಾನ್ಸ್ ಮಾಸ್ಟರು ಬೆಂಗಳೂರಿನವನು. ಕೈಯಲ್ಲಿ ಮೊಳದುದ್ದದ ಸ್ಪಂಜಿನ ಚಪ್ಪಲಿ, ಅದಕ್ಕೆ ಬಂಗಾರದ ಬಣ್ಣ. ಕಬ್ಬು ಕಡಿಯುವ ಹೆಂಗಸರನ್ನು ಸಾಲಾಗಿ ಬಗ್ಗಿಸಿ ನಿಲ್ಲಿಸಿ, ಹಾಡಿನ ತಾಳಕ್ಕೆ ಒಬ್ಬೊಬ್ಬರ ಹಿಂಭಾಗಕ್ಕೆ ಬಾರಿಸುತ್ತ ಹೋಗುತ್ತಿದ್ದ. ಏಟು ಬಿದ್ದವಳು 'ಹಾಯ್' ಎಂದು ನೆಟ್ಟಗಾಗಿ, ಸೊಂಟ ತಿರುವಿ, ಕ್ಯಾಮೆರಾ ನೋಡಿ ಹಲ್ಲು ಕಿಸಿಯಬೇಕು. ಸ್ಪೀಕರ್ ಡಬ್ಬಗಳು ಆಳೆತ್ತರ ನಿಂತು ಒದರುತ್ತಿದ್ದವು.

*ಚಟ್ ಚಟ್ ಚಪ್ಪಲ್, ಪಟ್ ಪಟ್ ಚಪ್ಪಲ್,*
*ಕಬ್ಬಿನ ಹೊಲದಾಗ ಬಿತ್ತಲ್ಲೆ ಡಬ್ಬಲ್!*

ಸಿನಿಮಾದ ಹೆಸರು 'ಡಿಸ್ಕೊ ಸಾಹುಕಾರ'. ಎಮ್ಮೆ ಕುಣಿಯುತ್ತದೆ, ಟ್ರ್ಯಾಕ್ಟರು ಸೀಟಿ ಹೊಡೆಯುತ್ತದೆ, ಗುಲಾಬಿ ಕೋಟಿನ ಸಾಹುಕಾರ ಹೊಡೆದಷ್ಟೂ ಆಳುಗಳು ನಗುತ್ತಾರೆ. ನೋಡಿದವರು ಬಿದ್ದು ಬಿದ್ದು ನಗಬೇಕು ಎಂಬುದು ಡೈರೆಕ್ಟರನ ಆಸೆ. ನಗಲಿ ಬಿಡಿ, ನಗುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಸುಮಿತ್ರಾಬಾಯಿಯ ಸರದಿ ಬಂತು. ಏಟು ಬಿತ್ತು. ಸ್ಪಂಜು, ನೋವಾಗಲಿಲ್ಲ. ಆದರೆ ಅವಳ ಮೈ ಮಾತ್ರ ಕಾದ ಹಂಚಿನ ಮೇಲೆ ಕೂತಂತೆ ಹಾರಿತು. ಕೈ ತಾನಾಗಿ ತಲೆಯನ್ನು ಮುಚ್ಚಿಕೊಂಡಿತು. ನಗು ಬರಲಿಲ್ಲ.

"ಏಯ್ ಹಸಿರು ಸೀರೆ! ತಲೆ ಯಾಕೆ ಮುಚ್ಕೊಳ್ತೀಯಾ? ನಗು ಅಂದೆ!"

"ನಗು ಬರವಲ್ದ್ರಿ."

"ಬರೋದೇನು, ತರಿಸ್ಕೊಳ್ಳೋದು. ಕೂಲಿ ಬೇಡ್ವಾ?"

ಪಕ್ಕದಲ್ಲಿ ಬಗ್ಗಿ ನಿಂತಿದ್ದ ಅಮೀರುನ್ನಿಸಾ ಮೆಲ್ಲಗೆ ಅಂದಳು, "ಹಲ್ಲ ತೋರಿಸಿಬಿಡ ಬೇ. ಹಲ್ಲ ತೋರಿಸಿದ್ರ ನಗೀನೇ ಆಗಬೇಕಂತೇನಿಲ್ಲ. ಹಲ್ಲ ಬ್ಯಾನಿ ಬಂದೋರೂ ತೋರಿಸ್ತಾರ."

ಬೇರೆ ದಿನವಾಗಿದ್ದರೆ ಈ ಮಾತಿಗೇ ಸುಮಿತ್ರಾಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗಲಿಲ್ಲ. ಅವಳು ನಿಂತಿದ್ದ ಜಾಗವೇ ಸರಿಯಿರಲಿಲ್ಲ.

ಹೋದ ಸುಗ್ಗಿಯಲ್ಲಿ ಇದೇ ಜಾಗದಲ್ಲಿ ಅವಳಿಗೆ ಏಟು ಬಿದ್ದಿದ್ದವು. ಅವು ಸ್ಪಂಜಿನವಲ್ಲ. ಕಬ್ಬಿನ ತುದಿಯ ಹಸಿರು ಗರಿಗೆ ಈ ಕಡೆ ವಾಡಿ ಎನ್ನುತ್ತಾರೆ. ಕಬ್ಬು ಫ್ಯಾಕ್ಟರಿಗೆ, ವಾಡಿ ಕಡಿದವರಿಗೆ. ಭೂಸನೂರಿನಿಂದ ಕರಜಗಿಯವರೆಗೆ ಯಾವ ಹೊಲಕ್ಕೆ ಹೋದರೂ ಇದೇ ರೂಢಿ. ಕಡಿದವರು ಸಂಜೆ ಒಂದು ಹೊರೆ ವಾಡಿ ತಲೆಮೇಲೆ ಹೊತ್ತುಕೊಂಡು ಮನೆಯ ಎಮ್ಮೆಗೆ ಹಾಕುತ್ತಾರೆ, ಇಲ್ಲವೇ ಮಾರಿಕೊಳ್ಳುತ್ತಾರೆ. ಅಪ್ಪ ಅಜ್ಜನ ಕಾಲದಿಂದ ಯಾರೂ ಇದನ್ನು ಕೇಳಿದವರಿಲ್ಲ. ಆವತ್ತು ಸಾಹುಕಾರ ಶಾಂತಲಿಂಗಪ್ಪನ ಮಗ ಸುನೀಲಕುಮಾರ ಬೈಕಿನ ಮೇಲೆ ಬಂದವನೇ, "ಹೊರಿ ಇಳಸಬೇ, ವಾಡಿ ನಮ್ಮ ಡೇರಿಗೆ ಬೇಕು" ಅಂದ. ಸುಮಿತ್ರಾಬಾಯಿ ಇಳಿಸಲಿಲ್ಲ. "ಕಡದೋರದು ವಾಡಿರಿ ಧಣಿ, ರೂಢಿ ಅದ" ಅಂದಳು. ಅಷ್ಟೇ ಅಂದದ್ದು. ಒಂದು ಅಕ್ಷರ ಹೆಚ್ಚಿಲ್ಲ.

ಕಾಲಿನ ಚಪ್ಪಲಿ ಬಿಚ್ಚಿ ಮುಖಕ್ಕೆ ಹೊಡೆದ. ಹೊರೆ ಬಿತ್ತು. ಜಡೆ ಹಿಡಿದು ಟ್ರೇಲರಿನ ಸುತ್ತ ಎಳೆದಾಡಿದ. "ಹೊಲತಿ, ನನಗ ರೂಢಿ ಕಲಸ್ತಿ?" ಎಂದು ಎದೆಗೆ, ಬಾಯಿಗೆ, ಬೆನ್ನಿಗೆ ಹೊಡೆದ. ಅಡ್ಡ ಬಂದವಳು ಅಮೀರುನ್ನಿಸಾ ಒಬ್ಬಳೇ, ಅವಳಿಗೂ ಬಿತ್ತು. ಟ್ರ್ಯಾಕ್ಟರಿನ ಹಿಂದೆ ನಿಂತ ಯಾವನೋ ಪುಣ್ಯಾತ್ಮ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಬಿಟ್ಟ. ಇಡೀ ಜಿಲ್ಲೆ ನೋಡಿತು. ಕಲಬುರಗಿಯಿಂದ ದಲಿತ ಸಂಘದವರು ಬಂದರು, ಠಾಣೆಯ ಮುಂದೆ ಕೂತರು, ಕೇಸಾಯಿತು. ಸುನೀಲಕುಮಾರ ಜೈಲಿಗೆ ಹೋದ ಹಾಗೆ ಹೋಗಿ ಜಾಮೀನಿನ ಮೇಲೆ ಬಂದ.

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ಕೇಸು ಹಾಕಿದ ಮೇಲೆ ಅವಳನ್ನು ಯಾರೂ ಕಬ್ಬಿಗೆ ಕರೆಯಲಿಲ್ಲ. ಪಕ್ಕದ ಊರು ಸರಸಂಬಾಕ್ಕೆ ಹೋದಳು, "ನಿಮ್ಮ ಸಾಹುಕಾರ ಫೋನ್ ಮಾಡ್ಯಾನವ್ವಾ" ಅಂದರು. ಗಂಡ ದೌಲತರಾಯನಿಗೂ ಕೆಲಸವಿಲ್ಲ. ಎಮ್ಮೆ ಹೋಯಿತು. ರಾಜಿಗೆ ಬಾ ಎಂದು ಊರ ಹಿರಿಯರು ಮನೆಗೇ ಬಂದು ಕೂತರು. ಸುಮಿತ್ರಾಬಾಯಿ ಹೋಗಲಿಲ್ಲ. ಅವಳಿಗೆ ಬೇಕಿದ್ದುದು ಒಂದೇ. ಇವನು ಇವಳನ್ನು ಹೊಡೆದದ್ದು ಹೌದು ಎಂದು ಆ ಕಲಬುರಗಿಯ ಕೋರ್ಟು ಬಾಯಿಬಿಟ್ಟು ಹೇಳಬೇಕು. ಅದಕ್ಕಾಗಿ ಅವಳು ಉಪವಾಸ ಬಿದ್ದಿದ್ದಳು, ಇನ್ನೂ ಬೀಳಲು ತಯಾರಿದ್ದಳು.

ಅಂಥದ್ದರಲ್ಲಿ ಜೀಪು ಮೈಕು ಕಟ್ಟಿಕೊಂಡು ಕೇರಿಗೇ ಬಂತು. ಸಿನಿಮಾಕ್ಕೆ ಕಬ್ಬು ಕಡಿಯುವವರು ಬೇಕು, ಕಡಿಯುವ ಕತ್ತಿ, ಅವರವರ ಕೊಯ್ತಾ, ಅವರೇ ತರಬೇಕು, ಊಟ ಕೊಟ್ಟು ಕೂಲಿ. ಬೆಂಗಳೂರಿನ ಕಂಪನಿ, ಹೀರೋ ಅಲ್ಲಿಯವನೇ ಯಾವನೋ ಹಾಸ್ಯದವನು. ಹೊರಗಿನವರಿಗೆ ನಮ್ಮ ಸಾಹುಕಾರನ ಹಂಗೇನು ಎಂದುಕೊಂಡು ಗಂಡಹೆಂಡತಿ ಇಬ್ಬರೂ ಟ್ರೇಲರು ಹತ್ತಿದರು. ಅದು ಶಾಂತಲಿಂಗಪ್ಪನ ಹೊಲದ ದಾರಿ ಹಿಡಿದಾಗ ಸುಮಿತ್ರಾಬಾಯಿ ಇಳಿಯಲು ಹೋದಳು. "ಹೊಲ ಬಾಡಿಗಿ ಹಿಡದಿರ್ತಾರ ಬೇ, ಕುಂದ್ರು" ಎಂದು ಅಮೀರುನ್ನಿಸಾ ಕೈ ಹಿಡಿದು ಕೂರಿಸಿದಳು.

ಬಂದಮೇಲೆ ದೌಲತರಾಯನಿಗೆ ಎಮ್ಮೆಯ ವೇಷ ಕೊಟ್ಟರು. ಕರಿ ಬಟ್ಟೆಯ ಚೀಲದೊಳಗೆ ಕುತ್ತಿಗೆಯವರೆಗೆ ತುರುಕಿ ಬೆನ್ನ ಮೇಲೆ ಜಿಪ್ಪು ಎಳೆದರು. ಕೈ ಒಳಗೇ ಉಳಿದವು. ಮೇಲೆ ಕೂಲಿಂಗ್ ಗ್ಲಾಸು ಹಾಕಿದ ಎಮ್ಮೆತಲೆ. ಸುಮಿತ್ರಾಬಾಯಿಗೆ ಹಸಿರು ಸೀರೆ. ಸೀರೆ ಕೊಟ್ಟ ಹುಡುಗಿ ಅದರ ಸೆರಗನ್ನು ಅವಳ ಮುಂದೆಯೇ ಕತ್ತರಿ ಹಾಕಿ ಹರಿದು ಕೊಟ್ಟಳು. ಹೊಸ ಸೀರೆಯನ್ನು ಯಾಕೆ ಹರಿಯುತ್ತಾರೆ ಎಂದು ಇವಳಿಗೆ ತಿಳಿಯಲಿಲ್ಲ. ಸಿನಿಮಾದವರ ಹುಚ್ಚಾಟ ಇರಬಹುದು ಎಂದು ಸುಮ್ಮನಾದಳು.

ರಿಹರ್ಸಲ್ ಮುಗಿಸಿ ಹೆಂಗಸರಿಗೆ ನೀರು ಕುಡಿಯಲು ಬಿಟ್ಟರು. ಡೈರೆಕ್ಟರನ ಅಸಿಸ್ಟೆಂಟು ಒಬ್ಬ ಮೊಬೈಲು ನೋಡುತ್ತ, ಟ್ರೇಲರಿನ ಹತ್ತಿರ ಆಳುಗಳಿಗೆ ಹೇಳುತ್ತಿದ್ದ. "ಆ ಹೊರೆ ಸ್ವಲ್ಪ ಎಡಕ್ಕೆ. ಬಿಚ್ಚಿಹೋಗಿರ್ಬೇಕು, ಹೀಗಲ್ಲ. ಚಕ್ರದ ಹತ್ರ. ಹಾಂ. ಅವಳು ಬೀಳೋದು ಇಲ್ಲಿ."

ಅಮೀರುನ್ನಿಸಾ ನೀರಿನ ಲೋಟ ಹಿಡಿದೇ ಅವನ ಹೆಗಲ ಮೇಲಿಂದ ಇಣುಕಿದಳು.

"ಯಾ ಅಲ್ಲಾ! ಸುಮಿತ್ರಾ, ಇಲ್ಲಿ ಬಾ ಬೇ. ಇಂವ ನಿನ್ನ ಇಡಿಯೋ ನೋಡಾಕತ್ತಾನ."

ಇಡೀ ಜಿಲ್ಲೆ ನೋಡಿದ್ದ ಆ ವಿಡಿಯೋವನ್ನು ಪೂರ್ತಿ ನೋಡದವಳು ಸುಮಿತ್ರಾಬಾಯಿ ಒಬ್ಬಳೇ. ಠಾಣೆಯಲ್ಲಿ ತೋರಿಸಿದಾಗ ಮುಖ ತಿರುಗಿಸಿದ್ದಳು. ಈಗ ನೋಡಿದಳು. ಅಂಗೈಯಗಲದಲ್ಲಿ ಅವಳೇ. ಹರಿದ ಸೆರಗಿನ ಹಸಿರು ಸೀರೆ, ಚಕ್ರದ ಹತ್ತಿರ ಬಿಚ್ಚಿಹೋದ ವಾಡಿಯ ಹೊರೆ, ಜಡೆ ಹಿಡಿದು ಎಳೆಯುತ್ತಿರುವ ಅವನು. ತಲೆ ಎತ್ತಿದಳು. ಎದುರಿಗೂ ಅದೇ ಟ್ರೇಲರು, ಅದೇ ಹೊರೆ. ಮೈಮೇಲೆ ಅದೇ ಸೀರೆ.

"ಇದ್ಯಾಕ್ರಿ ನೋಡಾಕತ್ತೀರಿ?"

"ಕಂಟಿನ್ಯುಟಿ ಅಮ್ಮಾ. ಇದಕ್ಕೂ ಅದಕ್ಕೂ ಮ್ಯಾಚ್ ಆಗ್ಬೇಕು ಅಂತ ಪ್ರೊಡ್ಯೂಸರ್ ಹೇಳಿದಾರೆ," ಎಂದ ಹುಡುಗ. ಅವನಿಗೆ ವಿಡಿಯೋದವಳೇ ಇವಳು ಎಂದು ಆಗ ಹೊಳೆಯಿತೋ ಏನೋ, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬೇರೆ ಕಡೆ ನಡೆದ.

ಅಷ್ಟರಲ್ಲಿ ಬಿಳಿ ವ್ಯಾನಿನ ಬಾಗಿಲು ತೆರೆಯಿತು. ಹೊಲದ ಬದುವಿನ ಮೇಲೆ ಸಾಲುಗಟ್ಟಿ ನಿಂತಿದ್ದ ಊರ ಹುಡುಗರು ಸೀಟಿ ಹೊಡೆದು ಮೊಬೈಲುಗಳನ್ನು ಮೇಲೆತ್ತಿದರು. ಮಿಣಮಿಣ ಗುಲಾಬಿ ಕೋಟು, ಬಿಳಿ ಪ್ಯಾಂಟು, ಕೆನ್ನೆಗೆ ಕೆಂಪು ಹಚ್ಚಿಕೊಂಡು ಇಳಿದವನು ಬೆಂಗಳೂರಿನ ಹೀರೋ ಅಲ್ಲ. ಸುನೀಲಕುಮಾರ. ಇವತ್ತಿನ ಒಂದು ಹಾಡಿಗೆ ಮಾತ್ರ ಅವನೇ ಡಿಸ್ಕೊ ಸಾಹುಕಾರನಂತೆ. ಕಾಲಲ್ಲಿದ್ದುದು ಬಂಗಾರದ ಬಣ್ಣದ್ದಲ್ಲ, ಅವನದೇ ಕೊಲ್ಹಾಪುರಿ ಚಪ್ಪಲಿ.

"ಏನ್ ಸುಮಿತ್ರಾ, ಆರಾಮದಿ?" ಎಂದ. ಹುಡುಗರು ಮತ್ತೆ ಸೀಟಿ ಹೊಡೆದರು.

ಸುಮಿತ್ರಾಬಾಯಿ ನೇರ ಡೈರೆಕ್ಟರನ ಛತ್ರಿಯ ಕೆಳಗೆ ಹೋದಳು. ಅಲ್ಲಿ ಶಾಂತಲಿಂಗಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಮನೆಯ ಪಡಸಾಲೆಯಲ್ಲಿ ಜಾತಿಯಿಲ್ಲ ಎಂದ ಅಣ್ಣನವರ ದೊಡ್ಡ ಫೋಟೋ ಇಟ್ಟುಕೊಂಡವನು, ಇವಳನ್ನು ಆ ಪಡಸಾಲೆಯ ಮೆಟ್ಟಿಲು ತುಳಿಸದವನು. ಪಕ್ಕದಲ್ಲಿ ಡೈರೆಕ್ಟರು ಕ್ಯಾಪು ಹಾಕಿಕೊಂಡು ನಿಂತಿದ್ದ.

"ನಾ ಮಾಡಂಗಿಲ್ರಿ. ನಾ ಮನಿಗ ಹೋಗ್ತೇನಿ."

"ದೂರ ನಿಂತು ಮಾತಾಡು, ಮಜ್ಜಿಗಿ ಮ್ಯಾಲ ನೆಳ್ಳ ಬೀಳಾಕತ್ತದ," ಎಂದ ಶಾಂತಲಿಂಗಪ್ಪ. ಸಿಟ್ಟಿಲ್ಲ, ಏರಿದ ದನಿಯಿಲ್ಲ. "ಎದಕ್ ಮಾಡಂಗಿಲ್ಲ?"

"ನನ್ನ ಹೊಡದಿದ್ದ ತಗೊಂಡು ಹಾಡ ಮಾಡಾಕತ್ತೀರಿ."

"ಯಾರ ಹೊಡದಾರ ನಿನಗ?" ಮಜ್ಜಿಗೆಯ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡ. "ಆವತ್ತೂ ಶೂಟಿಂಗೇ ಇತ್ತು. ರಿಹರ್ಸಲ್. ನೀನೂ ಪಾರ್ಟ ಮಾಡಿದ್ದಿ, ಆ ಸಾಬರಾಕಿನೂ ಮಾಡಿದ್ಲು. ಯಾವನೋ ಸೂಳಿಮಗ ಮೊಬೈಲ್‌ನ್ಯಾಗ ಹಿಡದು ಮಂದಿಗೆ ಹಂಚ್ಯಾನ. ಕೋರ್ಟಿನ್ಯಾಗ ಸಿನಿಮಾ ತೋರಸ್ತೀವಿ. ಅದೇ ಜಾಗ, ಅದೇ ಹೆಂಗಸು, ಅದೇ ಹೊಡತ. ಹೌದಿಲ್ಲೋ ಡೈರೆಕ್ಟರ್ ಸಾಹೇಬ್ರ?"

ಡೈರೆಕ್ಟರು ಕ್ಯಾಪು ತೆಗೆದು ತಲೆ ಕೆರೆದುಕೊಂಡ. "ನೋಡಮ್ಮ, ನಿಮ್ಮೂರಿನ ಜಗಳ ನಂಗೆ ಗೊತ್ತಿಲ್ಲ. ದುಡ್ಡು ಹಾಕೋರು ಅವರು. ನಂಗೆ ಬಿಸಿಲು ಇಳಿಯೋ ಮುಂಚೆ ಶಾಟ್ ಬೇಕು, ಅಷ್ಟೇ."

ಸುಮಿತ್ರಾಬಾಯಿಗೆ ಈಗ ಅರ್ಥವಾಯಿತು. ಹೊಡೆದದ್ದು ಒಂದು ತೂಕ. ಹೊಡೆದೇ ಇಲ್ಲ, ನೀನೇ ನಕ್ಕು ಕುಣಿದು ಹೊಡೆಸಿಕೊಂಡೆ ಎನ್ನುವುದು ಇನ್ನೊಂದು ತೂಕ. ಅವಳ ಉಪವಾಸ, ಮಾರಿದ ಎಮ್ಮೆ, ಇವತ್ತಿಗೂ ರಾತ್ರಿ ಮಗ್ಗುಲಾದರೆ ಹಿಡಿಯುವ ಪಕ್ಕೆಲುಬು, ಎಲ್ಲವನ್ನೂ ಇವರು ಒಂದು ಹಾಡಿನಲ್ಲಿ ತೊಳೆದು ಹಾಕುತ್ತಾರೆ.

"ನಿಮ್ಮ ವಂಶಾ ಹಾಳಾಗಿ ಹೋಗ್ಲಿ! ಬಾ ಅಮೀರುನ್ನಿಸಾ, ನಡಿ. ಯಾವಾಕಿ ನಿಂದ್ರತಾಳೋ ನಿಂದ್ರಲಿ," ಎಂದು ತಿರುಗಿದಳು.

ಅವಳ ದನಿ ಕೇಳಿ ಎಮ್ಮೆಯ ವೇಷದಲ್ಲೇ ದೌಲತರಾಯ ಓಡಿ ಬಂದ. ಎಮ್ಮೆತಲೆಯನ್ನು ಕೊಡವಿ ಬೀಳಿಸಿದ್ದ, ಅವನ ಬೆವತ ಮುಖ ಮಾತ್ರ ಕರಿ ಚೀಲದ ಮೇಲೆ ಕಾಣುತ್ತಿತ್ತು. ದೌಲತರಾಯ ಸಿಟ್ಟಿನ ಮನುಷ್ಯನಲ್ಲ. ಕೇಸು ಬೇಡ ಎಂದು ಹೆಂಡತಿಯ ಕಾಲು ಹಿಡಿದಿದ್ದವನು. ಆದರೆ ಇವತ್ತು ಅವನ ಬಾಯಿಯಿಂದಲೂ ಮಾತು ಹೊರಬಿತ್ತು.

"ಸಾಕ್ ಬಿಡ್ರಿ ಸಾಹುಕಾರ್ರ. ಒಮ್ಮಿ ಹೊಡದಿದ್ದು ಸಾಕಾಗಿಲ್ಲೇನು? ಹೊಡದಿದ್ದನ್ನ ಮತ್ತ ಹೊಡದು ತೋರಸ್ತೀರಿ? ಮನಷ್ಯಾರೇನ್ರಿ ನೀವು?"

ಶಾಂತಲಿಂಗಪ್ಪ ಒಂದು ಸಲ ಹುಬ್ಬು ಹಾರಿಸಿದ. ಅಷ್ಟು ಸಾಕಿತ್ತು. ಸಾಹುಕಾರನ ಆಳುಗಳು ಮೂವರು ದೌಲತರಾಯನನ್ನು ಹಿಡಿದರು. ಅವನ ಕೈಗಳು ಚೀಲದೊಳಗೇ ಇದ್ದವು, ಒದ್ದಾಡಲೂ ಆಗಲಿಲ್ಲ. ಬದುವಿನ ಮೇಲಿನ ಹುಡುಗರಿಗೆ ಎಮ್ಮೆಯನ್ನು ಎಳೆದುಕೊಂಡು ಹೋಗುವುದು ಕಂಡಿತು, ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಿಳಿ ವ್ಯಾನಿನ ಹಿಂದಕ್ಕೆ ಅವನ ಕಾಲುಗಳು ಮಣ್ಣು ಗೀರುತ್ತ ಹೋದವು. ಮೊದಲ ಏಟು ಬಿದ್ದದ್ದು ಎಲ್ಲರಿಗೂ ಕೇಳಿತು.

"ಹಾಡ ಹಚ್ಚರಿ," ಎಂದ ಶಾಂತಲಿಂಗಪ್ಪ.

*ಚಟ್ ಚಟ್ ಚಪ್ಪಲ್, ಪಟ್ ಪಟ್ ಚಪ್ಪಲ್...*

"ಜೋರ ಇಡ್ರಿ. ಇನ್ನಾ ಜೋರ."

ಸುಮಿತ್ರಾಬಾಯಿ ವ್ಯಾನಿನ ಕಡೆ ಓಡಿದಳು. ಸುನೀಲಕುಮಾರ ಅಡ್ಡ ಬಂದು ತೋಳು ಹಿಡಿದ. ಕಿವಿಯ ಹತ್ತಿರ ಬಾಯಿ ತಂದ, ಅತ್ತರಿನ ವಾಸನೆ ಗಪ್ಪೆಂದು ಬಡಿಯಿತು.

"ಶಾಟ್ ಓಕೆ ಆದ್ರ ನಿನ್ನ ಗಂಡನೂ ಓಕೆ. ನೀ ಎಷ್ಟ ತಡಾ ಮಾಡ್ತಿ, ಅಂವ ಅಷ್ಟ ತಿಂತಾನ. ತಿಳೀತಿಲ್ಲೊ? ಹೋಗು, ಹೊರಿ ಹೊತ್ಕೊಂಡು ನಿಂದ್ರು. ನಗಬೇಕು ಮತ್ತ, ರಂಡೆ."

ಅವಳು ಹೋಗಿ ನಿಂತಳು. ಯಾಕೆ ನಿಂತಳು ಎಂದು ತಣ್ಣಗೆ ಕುರ್ಚಿಯಲ್ಲಿ ಕೂತವರು ಕೇಳಬಹುದು. ವ್ಯಾನಿನ ಹಿಂದೆ ನಿಮ್ಮ ಗಂಡನಿರಲಿಲ್ಲವಲ್ಲ.

ಹೆಂಗಸರು ಸಾಲಾಗಿ ನಿಂತರು, ಎಲ್ಲರ ಸೊಂಟದಲ್ಲೂ ಅವರವರ ಕೊಯ್ತಾ. ಅಸಲಿಯಾಗಿ ಕಾಣಬೇಕು ಎಂದು ತರಿಸಿದ್ದು. ಅವು ಕಬ್ಬು ಬಿಟ್ಟು ಬೇರೆ ಏನನ್ನೂ ಕಡಿದಿರಲಿಲ್ಲ, ಹಾಗಾಗಿ ಯಾರಿಗೂ ಅವುಗಳ ನೆನಪಿರಲಿಲ್ಲ. ಸುಮಿತ್ರಾಬಾಯಿಯ ತಲೆಯ ಮೇಲೆ ವಾಡಿಯ ಹೊರೆ ಇಟ್ಟರು. ಅಮೀರುನ್ನಿಸಾಳನ್ನು ವಿಡಿಯೋದಲ್ಲಿದ್ದ ಜಾಗದಲ್ಲೇ ನಿಲ್ಲಿಸಿದರು.

"ಕ್ಯಾಮೆರಾ... ಆ್ಯಕ್ಷನ್!"

ಸುನೀಲಕುಮಾರ ಸೊಂಟ ಕುಣಿಸುತ್ತ ಬಂದ. ಬಾಯಿ ಹಾಡಿಗೆ ಸರಿಯಾಗಿ ಆಡುತ್ತಿತ್ತು. ಒಂದು ಸುತ್ತು ತಿರುಗಿ, ಕಾಲಿನ ಚಪ್ಪಲಿಯನ್ನು ಗಾಳಿಗೆ ಹಾರಿಸಿ ಹಿಡಿದು, ತಾಳ ಬಿದ್ದ ಜಾಗಕ್ಕೆ ಅವಳ ದವಡೆಗೆ ಹೊಡೆದ. ಹೊರೆ ಬಿತ್ತು. ಬಾಯಲ್ಲಿ ಉಪ್ಪು ಉಪ್ಪು ಆಯಿತು. ಜಡೆ ಹಿಡಿದು ಎಳೆದ. ಹೋದ ವರ್ಷ ಅವನಿಗೆ ತಾಳವಿರಲಿಲ್ಲ, ಈಗ ಕಲಿತುಕೊಂಡು ಬಂದಿದ್ದ. ಎಳೆಯುವುದಕ್ಕೊಂದು ಹೆಜ್ಜೆ, ಹೊಡೆಯುವುದಕ್ಕೊಂದು ಹೆಜ್ಜೆ. ಹಿಂದೆ ಬಂದ ಡ್ಯಾನ್ಸಿನ ಹುಡುಗಿಯರು ಚಿನ್ನದ ಲಂಗ ಬೀಸುತ್ತ ನಗುತ್ತಿದ್ದರು. ಅವರಲ್ಲಿ ಒಬ್ಬಳಿಗೆ ಇದು ಸ್ಪಂಜಲ್ಲ ಎಂದು ಗೊತ್ತಾಯಿತು. ಅವಳ ನಗು ಅರ್ಧಕ್ಕೆ ನಿಂತಿತು, ಕಾಲು ಮಾತ್ರ ಕುಣಿಯುತ್ತಿದ್ದವು.

"ಕಟ್! ಬ್ಲಡ್ ಬಂತು, ಬ್ಲಡ್ ಬಂತು. ಕಾಮಿಡಿಗೆ ಬ್ಲಡ್ ಬರಬಾರದು. ಯಾರಾದ್ರೂ ಒರೆಸ್ರಪ್ಪಾ ಅವಳ ಬಾಯಿ. ಇನ್ನೊಂದು ಟೇಕ್!"

ಯಾರೋ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸಿದರು. ಪೌಡರು ಹಚ್ಚಿದರು. ಕ್ಯಾಮೆರಾ ಹಿಂದಕ್ಕೆ ಹೋಯಿತು, ಎಲ್ಲರೂ ತಮ್ಮ ಜಾಗಕ್ಕೆ ಹೋದರು. ಹಾಡು ಹಾಕುತ್ತಿದ್ದ ಹುಡುಗ ಅದನ್ನು ನಿಲ್ಲಿಸಲು ಗುಂಡಿಯತ್ತ ಕೈ ಚಾಚಿದ.

"ಬಂದ್ ಮಾಡಬ್ಯಾಡ!" ಶಾಂತಲಿಂಗಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದ. "ನಡೀಲಿ, ನಡೀಲಿ. ಮಂದಿಗೆ ಮಜಾ ಬರ್ತದ."

ಆಗ ಅವಳಿಗೆ ತಿಳಿಯಿತು. ಶಾಟು ನಿಂತರೂ ಹಾಡು ನಿಂತಿರಲಿಲ್ಲ. ಹಾಡು ನಿಂತಿಲ್ಲವೆಂದರೆ ವ್ಯಾನಿನ ಹಿಂದೆ ಅದು ನಿಂತಿಲ್ಲ. ಶಾಟ್ ಓಕೆ ಆದರೂ ನಿಲ್ಲುವುದಿಲ್ಲ. ಅಲ್ಲಿ ಅವನು ಸತ್ತರೂ ಇಲ್ಲಿ ಎಲ್ಲರಿಗೂ ಕೇಳಿಸುವುದು ಚಪ್ಪಲ್ ಚಪ್ಪಲ್ಲೇ. ನಾಳೆ ಅದನ್ನೂ ಶೂಟಿಂಗ್ ಎನ್ನುತ್ತಾರೆ. ಎಮ್ಮೆ ಪಾರ್ಟಿನವನು ಕಾಲು ಜಾರಿ ಬಿದ್ದ ಎನ್ನುತ್ತಾರೆ.

ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. ಆಳೆತ್ತರದ ಆ ಡಬ್ಬಗಳನ್ನು ನೋಡಿದಳು. ಡಬ್ಬದಿಂದ ಕರಿ ವಾಯರು ಇಳಿದು, ಟ್ರೇಲರಿನ ಚಕ್ರದ ಪಕ್ಕದಲ್ಲಿ ಕಬ್ಬಿನ ಒಣಗಿದ ಗರಿಗಳ, ರವದಿಯ ಅಡಿಯಲ್ಲಿ ಹಾದು, ಜನರೇಟರಿನ ಗಾಡಿಗೆ ಹೋಗುತ್ತಿತ್ತು. ಕಬ್ಬಿನ ಜಲ್ಲೆಯಷ್ಟು ದಪ್ಪ. ಅವಳು ಬೀಳಬೇಕಾದ ಜಾಗವೂ ಅದೇ.

"ರೆಡಿನಾ? ಕ್ಯಾಮೆರಾ... ಆ್ಯಕ್ಷನ್!"

ಸುನೀಲಕುಮಾರ ಮತ್ತೆ ಬಂದ. ಈ ಸಲ ಅವಳು ಅವನನ್ನು ನೋಡಲೇ ಇಲ್ಲ. ಏಟು ಬಿತ್ತು. ಹೊರೆ ಬಿತ್ತು. ಜಡೆಗೆ ಕೈ ಬಿತ್ತು. ಅವನು ಎಳೆಯುವ ಮೊದಲೇ ಅವಳು ತಾನಾಗಿಯೇ ಚಕ್ರದ ಕಡೆಗೆ ಬಿದ್ದಳು. ಬುಡದ ಕೂದಲು ಕಿತ್ತು ಅವನ ಮುಷ್ಟಿಯಲ್ಲಿ ಉಳಿಯಿತು.

ಕಬ್ಬನ್ನು ನಡುವೆ ಕಡಿಯುವುದಿಲ್ಲ. ಬಗ್ಗಿ, ಎಡಗೈಯಿಂದ ರವದಿ ಸರಿಸಿ, ನೆಲಕ್ಕೆ ಹತ್ತಿದ ಬುಡಕ್ಕೆ ಒಂದೇ ಏಟು ಹಾಕಬೇಕು. ಎರಡನೇ ಏಟು ಹಾಕಿದವಳನ್ನು ಹೊಲದಲ್ಲಿ ಉಳಿದವರು ಆಡಿಕೊಂಡು ನಗುತ್ತಾರೆ. ಸುಮಿತ್ರಾಬಾಯಿ ಎಡಗೈಯಿಂದ ರವದಿ ಸರಿಸಿದಳು. ಸೊಂಟದ ಕೊಯ್ತಾ ಯಾವಾಗ ಕೈಗೆ ಬಂತೋ ಯಾರೂ ನೋಡಲಿಲ್ಲ.

ಢಬ್ಬೆಂದು ನೀಲಿ ಬೆಂಕಿ ಹಾರಿತು. ರವದಿ ಒಮ್ಮೆ ಹೊತ್ತಿಕೊಂಡು ಅಲ್ಲೇ ಆರಿತು. ಮರದ ಹಿಡಿಯಿದ್ದುದರಿಂದ ಉಳಿದಳು, ಆದರೂ ತೋಳು ಹೆಗಲವರೆಗೆ ಸತ್ತುಹೋಯಿತು, ಕೊಯ್ತಾ ದೂರ ಸಿಡಿಯಿತು. ಜನರೇಟರು ಗಕ್ಕನೆ ನಿಂತಿತು.

ಹಾಡು ನಿಂತಿತು.

ಸುನೀಲಕುಮಾರನಿಗೆ ತಕ್ಷಣ ತಿಳಿಯಲಿಲ್ಲ. ಬಾಯಿ ಆಡಿಸುತ್ತ ಇನ್ನೂ ಎರಡು ಹೆಜ್ಜೆ ಕುಣಿದ. ಅವನ ಕಾಲಿನ ಸಪ್ಪಳ ಇಡೀ ಹೊಲಕ್ಕೆ ಕೇಳಿತು. ಆಮೇಲೆ ಇನ್ನೊಂದು ಸಪ್ಪಳ ಕೇಳಿತು. ವ್ಯಾನಿನ ಹಿಂದಿನಿಂದ. ಧಪ್. ಧಪ್. ಒದ್ದೆ ಗೋಣಿಚೀಲವನ್ನು ಬಡಿದಂತೆ. ಹೊಡೆಯುವವರಿಗೆ ಕೆಲಸದ ಗುಂಗಿನಲ್ಲಿ ಹಾಡು ನಿಂತದ್ದು ಗೊತ್ತೇ ಆಗಿರಲಿಲ್ಲ.

"ಇನ್ನೊಮ್ಮಿ ಕೇಸ್ ಅಂತಿ? ಅನ್ನಲೇ ಭಾಡ್ಯಾ, ಸಾಹುಕಾರ್ರಗ ಎದರ ಮಾತಾಡ್ತಿ?" ಧಪ್.

"ಅಯ್ಯಯ್ಯೋ ಸಾಯ್ತೇನ್ರಿ... ನಾ ಸಾಯ್ತೇನಿ... ಸುಮಿತ್ರಾ..."

ಬದುವಿನ ಮೇಲೆ ಕೆಲವು ಹುಡುಗರು ನಕ್ಕರು. ಎಮ್ಮೆಯ ಸೀನು ಎಂದುಕೊಂಡಿದ್ದರು. ಇನ್ನೊಂದು ಏಟು ಬಿತ್ತು, ಇನ್ನೊಮ್ಮೆ ಆ ದನಿ ಬಂತು, ನಗು ಅಲ್ಲೇ ಸತ್ತಿತು. ಡೈರೆಕ್ಟರು ಕ್ಯಾಪು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತುಬಿಟ್ಟ. ಕ್ಯಾಮೆರಾದವನು ಕಟ್ ಎನ್ನುವವರಿಲ್ಲದೆ ಹಿಡಿಯುತ್ತಲೇ ಇದ್ದ.

"ಹಾಡ ಹಚ್ಚರಿ ಲೇ!" ಶಾಂತಲಿಂಗಪ್ಪ ಕುರ್ಚಿ ಉರುಳಿಸಿ ಎದ್ದ. ವಿಭೂತಿ ಬೆವರಿನಲ್ಲಿ ಕಣ್ಣಿಗಿಳಿಯುತ್ತಿತ್ತು. "ಸೂಳೀಮಕ್ಕಳ್ರ್ಯಾ, ಹಾಡ ಹಚ್ಚರಿ! ಮೊಬೈಲ್ ಇಳಸ್ರಿ!"

ಜನರೇಟರಿನ ಹುಡುಗ ಕಡಿದ ವಾಯರಿನ ಎರಡು ತುಂಡುಗಳನ್ನು ನೋಡುತ್ತ ನಿಂತಿದ್ದ. ಮುಟ್ಟಲು ಅವನಿಗೆ ಧೈರ್ಯವಾಗಲಿಲ್ಲ.

ಸುಮಿತ್ರಾಬಾಯಿ ಟ್ರೇಲರಿನ ಚಕ್ರ ಹಿಡಿದು ಎದ್ದಳು. ಬಲಗೈ ಜೋಲುತ್ತಿತ್ತು, ಕಿತ್ತ ಕೂದಲಿನ ಜಾಗದಿಂದ ರಕ್ತ ಕಿವಿಗೆ ಇಳಿಯುತ್ತಿತ್ತು. ಮೊಬೈಲು ಇಳಿಸಬೇಕೋ ಬೇಡವೋ ಎಂದು ನಿಂತಿದ್ದ ಹುಡುಗರ ಕಡೆ ತಿರುಗಿದಳು.

"ಇಳಸಬ್ಯಾಡ್ರಿ! ಹಿಡೀರಿ, ನಿಮ್ಮವ್ವ ನಿಮ್ಮನ್ನ ಹಡದಿದ್ದು ಖರೇ ಇದ್ರ ಹಿಡೀರಿ! ಇದಕ್ಕ ಹಾಡಿಲ್ಲ. ನೋಡ್ಕೋರಿ, ಇದಕ್ಕ ಹಾಡಿಲ್ಲ!"

ಒಂದೂ ಮೊಬೈಲು ಇಳಿಯಲಿಲ್ಲ. ಸುನೀಲಕುಮಾರ ಚಪ್ಪಲಿ ಎತ್ತಿಕೊಂಡು ಅವಳ ಮೇಲೆ ಬಂದ. ಅಮೀರುನ್ನಿಸಾ ನಡುವೆ ಬಂದು ನಿಂತಳು. ಹೋದ ವರ್ಷವೂ ಹೀಗೇ ಅಡ್ಡ ನಿಂತಿದ್ದಳು, ಬರಿಗೈಯಲ್ಲಿ. ಇವತ್ತು ಅವಳ ಕೈಯಲ್ಲಿ ಕೊಯ್ತಾ ಇತ್ತು.

"ಬಾ," ಎಂದಳು. "ಬಾರಲೇ ನನ್ನ ಹೀರೋ. ಒಂದ ಹೆಜ್ಜಿ ಬಾ."

ಅವನು ಬರಲಿಲ್ಲ. ಗುಲಾಬಿ ಕೋಟಿನಲ್ಲಿ ಹಾಗೇ ನಿಂತ, ಮುಷ್ಟಿಯಲ್ಲಿ ಸುಮಿತ್ರಾಬಾಯಿಯ ಕೂದಲು ಇನ್ನೂ ಇತ್ತು.

ಸುಮಿತ್ರಾಬಾಯಿ ದೂರ ಬಿದ್ದಿದ್ದ ತನ್ನ ಕೊಯ್ತಾವನ್ನು ಎಡಗೈಯಿಂದ ಎತ್ತಿಕೊಂಡು ಬಿಳಿ ವ್ಯಾನಿನ ಕಡೆ ನಡೆದಳು. ಅವಳು ಯಾರನ್ನೂ ಕರೆಯಲಿಲ್ಲ. ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಒಬ್ಬರದಲ್ಲ. ಬೆಳಗ್ಗೆಯಿಂದ ಸ್ಪಂಜಿನ ಚಪ್ಪಲಿಗೆ ಬಗ್ಗಿ ನಿಂತಿದ್ದ ಆ ಸಾಲು ಹಾಗೆಯೇ ಎದ್ದು, ಹೊಲಕ್ಕೆ ಹೋಗುವಾಗ ಹೋಗುವಂತೆ ಅವಳ ಹಿಂದೆ ಬರುತ್ತಿತ್ತು.

ವ್ಯಾನಿನ ಮೂಲೆ ದಾಟಿದರು. ಎಮ್ಮೆಯ ಕರಿ ಚೀಲ ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅದರ ಬಾಯಿಂದ ದೌಲತರಾಯನ ಮುಖ ಹೊರಗೆ ಬಂದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ತೆರೆದಿತ್ತು. ಆ ತೆರೆದ ಕಣ್ಣು ಅವಳನ್ನು ನೋಡುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇಬ್ಬರು ಆಳುಗಳು ವ್ಯಾನಿಗೆ ಬೆನ್ನು ಹಚ್ಚಿದರು, ಟ್ರೇಲರಿನ ಗೂಟ ಎತ್ತಿ ಹಿಡಿದಿದ್ದ ಮೂರನೆಯವನು ತಿರುಗಿ ನೋಡಿದ. ಎದುರಿಗೆ ಹೆಂಗಸರು ಅರ್ಧ ಸುತ್ತು ಹಾಕಿ ನಿಂತಿದ್ದರು, ಹಿಂದೆ ವ್ಯಾನಿನ ಗೋಡೆಯಿತ್ತು.

"ಏ... ಏ ಸುಮಿತ್ರಕ್ಕಾ... ನಂದೇನಿಲ್ಲವಾ, ಸಾಹುಕಾರ್ರು ಹೇಳಿದ್ರು..." ಎಂದ ಅವನು. ಗೂಟ ಇನ್ನೂ ಅವನ ತಲೆಯ ಮೇಲೇ ಇತ್ತು, ಅದನ್ನು ಕೆಳಗಿಳಿಸಬೇಕೋ ಬೇಡವೋ ಅ‌ವನಿಗೆ ತೋಚಲಿಲ್ಲ.